ಹಾಸನದಲ್ಲಿ ಕ್ರೈಸ್ತ ಉಜ್ಜೀವನದ ಚರಿತ್ರೆ: ಒಂದು ಉಪನ್ಯಾಸ ಮಾಲೆಯ ವಿಮರ್ಶೆ

ಕ್ರೈಸ್ತ ಸಭೆಯೊಳಗೆ ಕಾಲಕಾಲಕ್ಕೆ ಎದ್ದ ಸುಧಾರಣೆ ಮತ್ತು ಉಜ್ಜೀವನದ, ಅಂದರೆ ಬತ್ತಿದ ಭಕ್ತಿ ಮತ್ತೆ ಚಿಗುರುವ, ಚಳವಳಿಗಳನ್ನು ಕನ್ನಡದಲ್ಲಿಯೇ ಹೇಳಿಕೊಡುವ ಉಪನ್ಯಾಸ ಮಾಲೆಯೊಂದು ಹಾಸನದಲ್ಲಿ ಶನಿವಾರ ಸಂಜೆಗಳಂದು ನಡೆಯುತ್ತಿದೆ. ಶುಲ್ಕ ಕಟ್ಟಿ ಸೇರುವವರ ಹಣ ದಂಡವಾಗುವುದಿಲ್ಲ. ಯಾವ ಮತದವರಾದರೂ ಸೇರಬಹುದು. ನಾನಿದ್ದ ತಂಡದಲ್ಲಿ ಸಭಾಪಾಲಕರ ಪಕ್ಕದಲ್ಲೇ ಇತಿಹಾಸದ ಅಧ್ಯಾಪಕರೂ ಕುಳಿತಿರುತ್ತಿದ್ದರು.

ಮಧ್ಯಯುಗವನ್ನು ಮಾತ್ರ ಅವಸರದಲ್ಲಿ ಮುಗಿಸಲಾಯಿತು. 910ರಲ್ಲಿ ಫ್ರಾನ್ಸಿನಲ್ಲಿ ಸ್ಥಾಪನೆಯಾದ ಕ್ಲೂನಿ ಮಠ, 1415ರಲ್ಲಿ ಸುಡಲ್ಪಟ್ಟ ಬೊಹೇಮಿಯದ ಸುಧಾರಕ ಯಾನ್ ಹುಸ್, 1517ರಲ್ಲಿ ಜರ್ಮನಿಯಲ್ಲಿ ಸುಧಾರಣೆಗೆ ನಾಂದಿ ಹಾಡಿದ ಲೂಥರ್, ಎಲ್ಲವೂ ಒಂದೇ ಸಂಜೆಗೆ ತುರುಕಿದಂತಾಗಿ, ಹೊಸಬರಿಗೆ ಇಸವಿಗಳಷ್ಟೇ ಉಳಿದವು. ಆ ಗಡಿಬಿಡಿಯಲ್ಲೂ ಆಸ್ತಿಯನ್ನು ತೊರೆದು, ಧರ್ಮಗ್ರಂಥದ ಭಾಗಗಳನ್ನು ಜನರ ಆಡುನುಡಿಗೆ ತರಿಸಿದ ಲಿಯೋನ್ ಪಟ್ಟಣದ ವರ್ತಕ ವಾಲ್ಡೋನ ಕಥೆ ಮನಸ್ಸಿನಲ್ಲಿ ನಿಂತಿತು. ಕಲ್ಯಾಣದಲ್ಲಿ ಶರಣರು ಕನ್ನಡದಲ್ಲಿ ವಚನಗಳನ್ನು ರಚಿಸಿದ ಹನ್ನೆರಡನೆಯ ಶತಮಾನವೇ ಅದು.

ಈ ಮಾಲೆಯ ಜೀವ ಇರುವುದು ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಚಳವಳಿಯನ್ನು ಹುಟ್ಟುಹಾಕಿದ ಪಾದ್ರಿ ವೆಸ್ಲಿಯ ಪಾಠದಲ್ಲಿ. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಜಾನ್ ವೆಸ್ಲಿಗೆ ಹೃದಯ ಬೆಚ್ಚಗಾದಂತೆ ಆದ ಅನುಭವವನ್ನು ಅನೇಕರು ಪ್ರಸಂಗಗಳಲ್ಲಿ ಕೇಳಿರುತ್ತಾರೆ. ಉಪನ್ಯಾಸಕರು ಅಷ್ಟಕ್ಕೇ ನಿಲ್ಲದೆ, ಮರುವರ್ಷ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಕಾರ್ಮಿಕರಿಗೆ ವೆಸ್ಲಿಯ ಗೆಳೆಯ ಜಾರ್ಜ್ ವಿಟ್‌ಫೀಲ್ಡ್ ಬಯಲಿನಲ್ಲಿ ಬೋಧಿಸತೊಡಗಿದ್ದನ್ನೂ, ಬ್ರಿಸ್ಟಲ್‌ನಲ್ಲಿ ಕಟ್ಟಿದ ಸಭಾಗೃಹದ ಸಾಲ ತೀರಿಸಲು 1742ರಲ್ಲಿ ಮೆಥಡಿಸ್ಟ್ ಸಂಘದ ಸದಸ್ಯರನ್ನು ಹನ್ನೆರಡು ಹನ್ನೆರಡು ಮಂದಿಯ ಗುಂಪುಗಳಾಗಿ ವಿಂಗಡಿಸಿದ್ದನ್ನೂ ಬಿಡಿಸಿ ಹೇಳಿದರು. ವಾರಕ್ಕೊಂದು ಪೆನ್ನಿ ವಸೂಲಿ ಮಾಡಲು ಮನೆಮನೆಗೆ ಹೋದ ಗುಂಪಿನ ಮುಖಂಡರು ಕುಡಿತ, ಜಗಳ, ಕಾಯಿಲೆ, ಬಡತನಗಳನ್ನು ಕಣ್ಣಾರೆ ಕಂಡರು. ಹಣಕ್ಕಾಗಿ ಹುಟ್ಟಿದ ಏರ್ಪಾಡು ಹೀಗೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ವ್ಯವಸ್ಥೆಯಾಯಿತು. ಆ ಕಾಲದ ಸದಸ್ಯತ್ವದ ಚೀಟಿಯೊಂದರ ಜೆರಾಕ್ಸ್ ಪ್ರತಿಯನ್ನು ನಮ್ಮ ಕೈಗೆ ಕೊಟ್ಟರು. ಅಂಗೈಗಿಂತ ಚಿಕ್ಕದಾದ ಆ ಕಾಗದದ ಮೇಲೆ ಸತ್ಯವೇದದ ಒಂದು ವಾಕ್ಯವೂ ಅದರ ಕೆಳಗೆ ಶಾಯಿಯಲ್ಲಿ ಬರೆದ ಹೆಸರೂ ಇದ್ದವು. ಮೂರು ತಿಂಗಳಿಗೊಮ್ಮೆ ನಡತೆಯನ್ನು ವಿಚಾರಿಸಿ ಹೊಸ ಚೀಟಿ ಕೊಡುತ್ತಿದ್ದರೆಂದು ತಿಳಿದಾಗ, ಉಜ್ಜೀವನವೆಂದರೆ ಭಾವಾವೇಶ ಮಾತ್ರವೆಂಬ ಎಣಿಕೆ ನಮ್ಮಲ್ಲಿ ಹಲವರಿಗೆ ಕಳಚಿತು. ಊರಿನ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯೂ ಇದೇ ವೆಸ್ಲಿಯನ್ ಪರಂಪರೆಯ ಮಿಷನ್ನಿನಿಂದ ಬಂದದ್ದೆಂಬ ಸಂಗತಿಯನ್ನು ಜೋಡಿಸಿದ್ದರಿಂದ ಪಾಠ ಇನ್ನಷ್ಟು ಹತ್ತಿರವಾಯಿತು.

ನನ್ನ ದೊಡ್ಡ ಆಕ್ಷೇಪ ಪಂಡಿತಾ ರಮಾಬಾಯಿಯವರ ವಿಷಯದಲ್ಲಿದೆ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿ, ತಂದೆತಾಯಿಯರಿಂದ ಸಂಸ್ಕೃತ ಕಲಿತು, 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಈ ವಿದುಷಿ ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ನಿರಾಶ್ರಿತ ಹೆಂಗಸರಿಗಾಗಿ ನಡೆಸುತ್ತಿದ್ದ ಮುಕ್ತಿ ಮಿಷನ್ನಿನಲ್ಲಿ 1905ರಲ್ಲಿಯೇ ಉಜ್ಜೀವನ ಕಾಣಿಸಿಕೊಂಡಿತ್ತು. ಲಾಸ್ ಏಂಜಲೀಸ್‌ನ ಅಜುಸಾ ಬೀದಿಯಲ್ಲಿ, ಜಗತ್ತಿನಾದ್ಯಂತ ಹಬ್ಬಿದ ಪೆಂಟೆಕೋಸ್ಟಲ್ ಚಳವಳಿಯ ಮೂಲವೆಂದು ಹೆಸರಾದ ವಿಲಿಯಂ ಸೀಮೋರ್ ಅವರ ಕೂಟಗಳು ಆರಂಭವಾದದ್ದು ಅದರ ಮರುವರ್ಷ. ಮುಕ್ತಿಯ ಸುದ್ದಿಯನ್ನು ಹೊತ್ತ, ಅಲ್ಲಿಯೇ ದುಡಿಯುತ್ತಿದ್ದ ಮಿಷನರಿ ಮಿನ್ನಿ ಏಬ್ರಮ್ಸ್ ಅವರ ಕಿರುಪುಸ್ತಕ ದೂರದ ಚಿಲಿ ದೇಶವನ್ನೂ ತಲುಪಿ, ಅಲ್ಲಿಯ 1909ರ ಉಜ್ಜೀವನಕ್ಕೆ ಪ್ರೇರಣೆಯಾಯಿತು. ಅನಾಥ ಹೆಣ್ಣುಮಕ್ಕಳೂ ವಿಧವೆಯರೂ ಮುಂದೆ ನಿಂತು ನಡೆಸಿದ ಇಂಥ ಚಳವಳಿಯನ್ನು ಕೊನೆಯ ಸಂಜೆಯ ಕೊನೆಯ ಕೆಲವೇ ನಿಮಿಷಗಳಲ್ಲಿ ಮುಗಿಸಿ, ಅಜುಸಾ ಬೀದಿಗೆ ಅದರ ಹಲವು ಪಟ್ಟು ಸಮಯ ಕೊಟ್ಟದ್ದು ಸರಿಯಲ್ಲ. ಮಲೆನಾಡಿನ ಕೇಳುಗರ ಮುಂದೆಯಂತೂ ರಮಾಬಾಯಿಯವರಿಗೆ ಒಂದು ಇಡೀ ಸಂಜೆ ಸಲ್ಲಬೇಕು.

ಟಿಪ್ಪಣಿ ಪುಸ್ತಿಕೆಯಲ್ಲಿ ಒಂದೇ ಹೆಸರನ್ನು ಪುಟಕ್ಕೊಂದು ಬಗೆಯಲ್ಲಿ ಅಚ್ಚು ಮಾಡಿದ್ದಾರೆ. ಕಾಲಾನುಕ್ರಮಣಿಕೆಯಾಗಲಿ ನಕ್ಷೆಯಾಗಲಿ ಇಲ್ಲ. ಪ್ರಶ್ನೋತ್ತರ ರಂಗೇರುವ ಹೊತ್ತಿಗೆ ಬೇಲೂರು, ಸಕಲೇಶಪುರದ ಕಡೆಯವರು ಬಸ್ಸಿಗೆಂದು ಎದ್ದು ಹೋಗಬೇಕಾಗುತ್ತದೆ. ಮುಂದಿನ ತಂಡಕ್ಕೆ ತರಗತಿಯನ್ನು ಒಂದು ಗಂಟೆ ಮುಂಚಿತವಾಗಿ ಆರಂಭಿಸುವಂತೆ ವ್ಯವಸ್ಥಾಪಕರಿಗೆ ಲಿಖಿತವಾಗಿ ತಿಳಿಸಿದ್ದೇನೆ. ದೂರದಿಂದ ಬರುವವರು ಹಣ ಕಟ್ಟುವ ಮೊದಲು ವೇಳೆಯನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.