ಕೆಇಎ ಆಪ್ಷನ್ ಎಂಟ್ರಿ ಹೇಗಿದೆ? ಕೊಡಗಿನ ಪಿಯು ವಿದ್ಯಾರ್ಥಿಗಳಿಗಾಗಿ ಒಂದು ವಿಮರ್ಶೆ

ಇಂಜಿನಿಯರಿಂಗ್ ಯಾಕೆ ಅಂತ ಕೊಡಗಿನ ಪಿಯು ಮಕ್ಕಳನ್ನು ಕೇಳಿದರೆ ಕಾರಣಗಳಿಗೆ ಬರವಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದದ್ದನ್ನು ಕಂಡವರಿಗೆ ಸಿವಿಲ್ ಬೇಕು. ತೋಟದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಬಿಚ್ಚಿ ಜೋಡಿಸಿದವರಿಗೆ ಮೆಕ್ಯಾನಿಕಲ್ ಬೇಕು. ಆನೆ ತೋಟಕ್ಕೆ ಇಳಿದರೆ ಮೊಬೈಲಿಗೆ ಸುದ್ದಿ ಮುಟ್ಟಬೇಕು ಎನ್ನುವವರು ಎಲೆಕ್ಟ್ರಾನಿಕ್ಸ್ ಕಡೆ ನೋಡುತ್ತಾರೆ. ಆಪ್ಷನ್ ಪಟ್ಟಿ ತುಂಬುವ ದಿನ ಮಾತ್ರ ಮೇಲಿನಿಂದ ಕೆಳಗಿನವರೆಗೆ ಕಂಪ್ಯೂಟರ್ ಸೈನ್ಸೇ ತುಂಬಿಕೊಳ್ಳುತ್ತದೆ. ಬೇಕಾದ ಕಾಲೇಜು, ಕೋರ್ಸ್‌ಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬಿಸಿಕೊಳ್ಳುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಈ ಸೇವೆ ನಿಮ್ಮ ಕಾರಣವನ್ನು ಕೇಳುವುದಿಲ್ಲ, ಕೇಳುವುದು ಕ್ರಮವನ್ನಷ್ಟೇ. ಆ ಕ್ರಮವನ್ನಂತೂ ಅದು ಚಾಚೂ ತಪ್ಪದೆ ಪಾಲಿಸುತ್ತದೆ.

ಮೊದಲು ರ‍್ಯಾಂಕ್ ವಿಷಯ. ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ ತಲಾ 60 ಪ್ರಶ್ನೆ, ತಲಾ 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿಯಿಂದ ಅರ್ಧ, ದ್ವಿತೀಯ ಪಿಯುವಿನ ಇದೇ ಮೂರು ವಿಷಯಗಳಿಂದ ಅರ್ಧ. ಸಿಇಟಿ ಕೋಚಿಂಗ್ ಗಲಾಟೆಯಲ್ಲಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿದವರಿಗೆ ಪೆಟ್ಟು ಬೀಳುವುದು ಇಲ್ಲೇ.

ಈಗ ಪಟ್ಟಿ. ಒಂದು ಕಾಲೇಜು ಮತ್ತು ಒಂದು ಕೋರ್ಸ್ ಸೇರಿದರೆ ಒಂದು ಆಪ್ಷನ್. ನಿಮ್ಮ ಸರದಿ ಬಂದಾಗ ವ್ಯವಸ್ಥೆ ಒಂದನೇ ಆಪ್ಷನ್‌ನಿಂದ ಕೆಳಕ್ಕೆ ಹುಡುಕುತ್ತಾ ಬಂದು, ನಿಮ್ಮ ರ‍್ಯಾಂಕಿಗೆ ಮತ್ತು ಮೀಸಲಾತಿಗೆ ಎಲ್ಲಿ ಮೊದಲು ಸೀಟು ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ಅಲ್ಲಿಂದ ಕೆಳಗಿರುವುದೆಲ್ಲ ಆ ಕ್ಷಣಕ್ಕೆ ಲೆಕ್ಕಕ್ಕಿಲ್ಲ. ಸಿಗಲಾರದ ಕಾಲೇಜನ್ನು ಮೇಲೆ ಹಾಕಿದರೆ ನಷ್ಟವೇನೂ ಆಗದು. ಆದರೆ ‘ಖಾತ್ರಿ ಇರಲಿ’ ಅಂತ ಬೇಡದ ಸೀಟನ್ನು ಮೇಲೆ ಹಾಕಿದರೆ ಅದೇ ಗಂಟುಬೀಳುತ್ತದೆ. ಸೀಟು ಸಿಕ್ಕ ಮೇಲೆ ಚಾಯ್ಸ್ ನಾಲ್ಕು: ಒಂದನೆಯದು ಒಪ್ಪಿ ಸೇರುವುದು, ಎರಡನೆಯದು ಕೈಲಿ ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು, ಮೂರನೆಯದು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡನೇ ಚಾಯ್ಸ್‌ನಲ್ಲಿ ಮೇಲಿನ ಸೀಟು ಸಿಕ್ಕಿದರೆ ಹಳೆಯದು ತಾನಾಗಿ ರದ್ದಾಗುತ್ತದೆ, ಆಮೇಲೆ ಹಳೆಯದೇ ವಾಸಿಯಿತ್ತು ಎಂದರೆ ನಡೆಯದು. ಶುಲ್ಕ ಕಟ್ಟುವ ನಿಯಮಕ್ಕೆ ಆ ವರ್ಷದ ಸೂಚನೆಯನ್ನೇ ನೋಡಿ, ಅಣ್ಣನೋ ಅಕ್ಕನೋ ಹೇಳಿದ್ದನ್ನು ನಂಬಿ ಕೂರಬೇಡಿ.

ಈ ಸೇವೆಯಲ್ಲಿ ಮೆಚ್ಚಬೇಕಾದದ್ದು ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್). ನಿಜವಾದ ಸುತ್ತಿಗೆ ಮೊದಲೇ ಎಲ್ಲಿ ಸಿಗಬಹುದು ಎಂದು ತೋರಿಸಿ, ಪಟ್ಟಿ ತಿದ್ದಲು ಕಾಲಾವಕಾಶ ಕೊಡುತ್ತದೆ. ಅಣಕಿನಲ್ಲಿ ಬಂದ ಸೀಟು ನೋಡಿ ಮನೆಯವರ ಮುಖ ಬಾಡಿದರೆ ಕ್ರಮ ತಪ್ಪಿದೆ ಎಂದೇ ಅರ್ಥ.

ಸೇವೆ ಸೋಲುವುದು ಕೋರ್ಸ್ ವಿಚಾರದಲ್ಲಿ. ಸಂಕೇತ, ಕಾಲೇಜು, ಶುಲ್ಕ ಎಲ್ಲ ಇದೆ, ಒಳಗೆ ಏನು ಕಲಿಸುತ್ತಾರೆ ಎಂಬುದಿಲ್ಲ. ಗುಡ್ಡ ಕುಸಿತವನ್ನೇ ತೆಗೆದುಕೊಳ್ಳಿ. ಸಿವಿಲ್ ಬಿಇಯಲ್ಲಿ ಸರ್ವೆ, ಕಾಂಕ್ರೀಟ್, ನೀರಾವರಿ, ರಸ್ತೆ ಎಲ್ಲವೂ ಇರುತ್ತವೆ. ಇಳಿಜಾರಿನ ಸ್ಥಿರತೆ ಜಿಯೋಟೆಕ್ನಿಕಲ್ ಎಂಬ ಮಣ್ಣು-ಅಡಿಪಾಯದ ವಿಷಯದೊಳಗಿನ ಒಂದು ಭಾಗ ಮಾತ್ರ. ಅದನ್ನೇ ಹಿಡಿದು ಹೋಗಬೇಕಾದರೆ ಜಿಯೋಟೆಕ್ನಿಕಲ್‌ನಲ್ಲಿ ಎಂಟೆಕ್ ಮಾಡಬೇಕು. ಬಂಡೆ, ಮಣ್ಣಿನ ಪದರ ಓದುವ ಭೂವಿಜ್ಞಾನಿ ಆಗುವ ಆಸೆಯಾದರೆ ದಾರಿಯೇ ಬೇರೆ: ಜಿಯಾಲಜಿಯಲ್ಲಿ ಎಂಎಸ್‌ಸಿ, ನಂತರ ಯುಪಿಎಸ್‌ಸಿಯ ಜಿಯೋ ಸೈಂಟಿಸ್ಟ್ ಪರೀಕ್ಷೆ.

ಕಾಫಿಯದ್ದೂ ಹಾಗೆಯೇ. ಕಣದಲ್ಲಿ ಮೋಡ ಕವಿದಾಗ ಕಾಯಿ ಒಣಗದೆ ಬೂಸ್ಟು ಹಿಡಿಯುವ ಸಮಸ್ಯೆಗೆ ಡ್ರೈಯರ್ ಮಾಡಬೇಕೆಂದರೆ ಶಾಖ ವರ್ಗಾವಣೆ ಕಲಿಸುವ ಮೆಕ್ಯಾನಿಕಲ್ ಸರಿ. ಕೃಷಿ ವಿಶ್ವವಿದ್ಯಾಲಯಗಳ ಬಿಟೆಕ್ ಕೃಷಿ ಇಂಜಿನಿಯರಿಂಗ್ ಇನ್ನೂ ಹತ್ತಿರ, ಆದರೆ ಅದನ್ನು ಪಟ್ಟಿಗೆ ಹಾಕುವವರು ಅಪರೂಪ. ಆನೆ, ಕಾಡು ಎನ್ನುವವರಲ್ಲಿ ಅರ್ಧ ಜನಕ್ಕೆ ನಿಜಕ್ಕೂ ಬೇಕಿರುವುದು ಪೊನ್ನಂಪೇಟೆಯ ಅರಣ್ಯ ಕಾಲೇಜು. ಅದಕ್ಕೆ ಪಿಯುವಿನಲ್ಲಿ ಜೀವಶಾಸ್ತ್ರ ಇರಲೇಬೇಕು, ಪಿಸಿಎಂಸಿ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್) ತೆಗೆದುಕೊಂಡವರಿಗೆ ಆ ಬಾಗಿಲು ಆಗಲೇ ಮುಚ್ಚಿರುತ್ತದೆ. ಕಂಪ್ಯೂಟರ್ ಸೈನ್ಸ್ ಬೇಡ ಎಂದೇನಲ್ಲ. ‘ಬೆಂಗಳೂರಲ್ಲಿ ಕೆಲಸ ಬೇಕು’ ಎಂಬುದೂ ಒಳ್ಳೆಯ ಕಾರಣವೇ, ಅದನ್ನು ಮನೆಯಲ್ಲಿ ನೇರವಾಗಿ ಹೇಳಿದರೆ ಪಟ್ಟಿ ಸಲೀಸು.

ಜಿಲ್ಲೆಯೊಳಗೆ ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ (ಸಿಐಟಿ) ಇವೆ. ಗಡಿ ದಾಟಿದರೆ ಸುಳ್ಯ, ಪುತ್ತೂರು, ಮೈಸೂರು, ಹಾಸನ. ಸುರತ್ಕಲ್ಲಿನ ಎನ್‌ಐಟಿಕೆ ಈ ಪಟ್ಟಿಯಲ್ಲಿ ಸಿಗುವುದಿಲ್ಲ, ಅದಕ್ಕೆ ಜೆಇಇ ಮೇನ್ ಬರೆಯಬೇಕು. ಅಲ್ಲಿ ಅರ್ಧ ಸೀಟು ರಾಜ್ಯದವರಿಗೆ.

ಮೀಸಲಾತಿ ಕಾಗದಗಳಲ್ಲಿ ಕೊಡಗಿನವರು ಎಡವುವ ಜಾಗ ಎರಡು. ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕು. ನಡುವೆ ಒಂದೇ ವರ್ಷ ಮಡಿಕೇರಿ ಪೇಟೆಯಲ್ಲೋ ಮೈಸೂರಿನ ಹಾಸ್ಟೆಲಿನಲ್ಲೋ ಇದ್ದು ಓದಿದ್ದರೂ ಹಕ್ಕು ಹೋಯಿತು. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಇನ್ನೊಂದು, ಹೆಸರು. ಮನೆತನದ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಆಗಿ, ಆಧಾರ್‌ನಲ್ಲಿ ಪೂರ್ತಿಯಾಗಿ, ನಾಡಕಚೇರಿಯ ಜಾತಿ-ಆದಾಯ ಪತ್ರದಲ್ಲಿ ಇನ್ನೊಂದು ರೀತಿ ಇದ್ದರೆ ಆ ಪತ್ರದ ಮೇಲಿನ ಆರ್‌ಡಿ ಸಂಖ್ಯೆ ತಾಳೆಯಾಗದೆ ತಕರಾರು ಬರುತ್ತದೆ. ಇದನ್ನು ಸಿಇಟಿ ಅರ್ಜಿ ಹಾಕುವ ಮೊದಲೇ ಸರಿಪಡಿಸಬೇಕು, ಫಲಿತಾಂಶ ಬಂದ ಮೇಲೆ ನಾಡಕಚೇರಿಯಲ್ಲಿ ಸಾಲು ಉದ್ದವಿರುತ್ತದೆ. ಆದಾಯ ಕಡಿಮೆ ಇದ್ದವರು ಬೋಧನಾ ಶುಲ್ಕ ಮಾಫಿ ಇರುವ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಸೀಟನ್ನು ಮರೆಯಬಾರದು.

ಇನ್ನು ಮಳೆ. ಆಪ್ಷನ್ ಎಂಟ್ರಿ ಸಾಮಾನ್ಯವಾಗಿ ಮಳೆಗಾಲಕ್ಕೇ ಬೀಳುತ್ತದೆ. ಮರ ಬಿದ್ದು ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ಕೊನೆಯ ದಿನಕ್ಕೆ ಇಡದೆ, ಮೊದಲು ಕಾಗದದ ಮೇಲೆ ಪಟ್ಟಿ ಬರೆದು, ನೆಟ್‌ವರ್ಕ್ ಇರುವ ಮೊದಲ ದಿನವೇ ತುಂಬಿ, ಸೇವ್ ಆದದ್ದನ್ನು ಪ್ರಿಂಟ್ ತೆಗೆದು ಕಾಗದದ ಜತೆ ಸಾಲುಸಾಲಾಗಿ ಹೋಲಿಸಿ. ಸೈಬರ್ ಸೆಂಟರಿನಲ್ಲಿ ಮಾಡಿಸಿದರೆ ಪಾಸ್‌ವರ್ಡ್ ನೀವೇ ಒತ್ತಿ, ಲಾಗ್‌ಔಟ್ ಆಗಿದ್ದನ್ನು ಕಣ್ಣಾರೆ ನೋಡಿ, ಮನೆಗೆ ಬಂದು ಪಾಸ್‌ವರ್ಡ್ ಬದಲಾಯಿಸಿ.