ವಾಯ್ಸ್ ಬ್ರೇಕ್ ಆಗುತ್ತಿದೆ ಅಂತ ದೊಡ್ಡ ಪ್ಲಾನ್ ತಗೊಳ್ಳುವ ಮೊದಲು ಇದನ್ನು ಓದಿ

ನಮ್ಮ ದೂರದ ಶಾಖೆಗೆ ಇಂಟರ್ನೆಟ್ ಫೋನ್ ಹಾಕಿಸಿ ಮೂರು ತಿಂಗಳು ಒದ್ದಾಡಿದೆವು. ನೀವು ಹೀಗೆ ಒದ್ದಾಡಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮ ಮಾತು ಅಲ್ಲಿನವರಿಗೆ ಚೆನ್ನಾಗಿಯೇ ಕೇಳುತ್ತಿತ್ತು. ಅವರ ಮಾತು ಮಾತ್ರ ನಮಗೆ ತುಂಡು ತುಂಡಾಗಿ ಬರುತ್ತಿತ್ತು. ದೊಡ್ಡ ಸುಳಿವು ಅಲ್ಲೇ ಇತ್ತು, ನಾನು ಗಮನಿಸಲಿಲ್ಲ. ಇಂಟರ್ನೆಟ್ ಕೊಡುವವರನ್ನು ಕೇಳಿದರೆ, 'ಸ್ಪೀಡ್ ಸಾಲದು, ದೊಡ್ಡ ಪ್ಲಾನ್ ತಗೊಳ್ಳಿ' ಅಂದರು. ತಗೊಂಡೆವು. ಹೆಡ್‌ಸೆಟ್‌ಗಳನ್ನೂ ಬದಲಾಯಿಸಿದೆವು. ತೊಂದರೆ ಹಾಗೇ ಉಳಿಯಿತು.

ಒಂದು ಕಾಲ್‌ಗೆ ಸ್ಪೀಡ್ ಎಷ್ಟು ಬೇಕು ಗೊತ್ತಾ? ಮಾತನ್ನು ಡಿಜಿಟಲ್ ಮಾಡುವ ವಿಧಾನ, ಅಂದರೆ ಕೋಡೆಕ್, ಜಿ.711 ಆದರೆ ಒಂದೊಂದು ದಿಕ್ಕಿಗೆ 90 ಕೆಬಿಪಿಎಸ್ ಹತ್ತಿರ, ಅಷ್ಟೇ. ಆದರೆ ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದರಂತೆ ಪ್ಯಾಕೆಟ್‌ಗಳು, ಅಂದರೆ ಮಾತಿನ ಪುಟ್ಟ ತುಣುಕುಗಳು, ಹೋಗುತ್ತಿರುತ್ತವೆ. ಅವು ಹೊತ್ತಿಗೆ ಸರಿಯಾಗಿ ತಲುಪಬೇಕು. ತೀರಾ ತಡವಾಗಿ ಬಂದದ್ದನ್ನು ಫೋನ್ ಬಿಸಾಡುತ್ತದೆ, ಮಾತು ತುಂಡಾಗುತ್ತದೆ.

ಕೊನೆಗೆ ಆ ಶಾಖೆಗೇ ಹೋಗಿ, ಇಡೀ ದಿನ ಪಿಂಗ್ (ಪುಟ್ಟ ಸಂದೇಶವೊಂದು ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುವುದು) ಹಾಕಿಟ್ಟು ಕುಳಿತೆ. ಬೆಳಗ್ಗೆ 30 ಮಿಲಿಸೆಕೆಂಡ್ ಇದ್ದದ್ದು ಮಧ್ಯಾಹ್ನ 400 ದಾಟಿತು. ಒಂದು ಕಡೆಯ ತಡ 150 ಮಿಲಿಸೆಕೆಂಡಿನೊಳಗೆ ಇದ್ದರೆ ಮಾತುಕತೆ ಸಲೀಸು, ಇದು ಅದನ್ನು ಮೀರಿಬಿಟ್ಟಿತ್ತು. ಹುಡುಕಿದರೆ, ಒಂದು ಕಂಪ್ಯೂಟರ್ ಅದೇ ಹೊತ್ತಿಗೆ ಕ್ಲೌಡ್‌ಗೆ ಬ್ಯಾಕಪ್ ಕಳಿಸುತ್ತಿತ್ತು. ಅಪ್‌ಲೋಡ್ ಪೂರ್ತಿ ತುಂಬಿ, ಅಲ್ಲಿಂದ ನಮ್ಮ ಕಡೆ ಬರಬೇಕಾದ ಮಾತಿನ ಪ್ಯಾಕೆಟ್‌ಗಳು ಅಲ್ಲಿನ ರೂಟರ್‌ನಲ್ಲಿ ಸಾಲು ನಿಂತಿದ್ದವು. ಹೊಸ ಪ್ಲಾನ್‌ನಲ್ಲಿ ಜಾಸ್ತಿಯಾಗಿದ್ದು ಡೌನ್‌ಲೋಡ್ ಮಾತ್ರ! ಲೈನ್ ಖಾಲಿ ಇದ್ದಾಗ ಮಾಡಿದ ಸ್ಪೀಡ್ ಟೆಸ್ಟ್‌ನಲ್ಲಿ ಇದು ಕಾಣುವುದೇ ಇಲ್ಲ. ಹಾಗಾಗಿ ತೊಂದರೆ ಇರುವ ಹೊತ್ತಿನಲ್ಲೇ, ತೊಂದರೆ ಇರುವ ಜಾಗದಲ್ಲೇ ಅಳೆಯಿರಿ.

ಬ್ಯಾಕಪ್ಪನ್ನು ರಾತ್ರಿಗೆ ಹಾಕಿದೆವು. ರೂಟರ್‌ನ ಕ್ಯೂಓಎಸ್‌ನಲ್ಲಿ (ಯಾವುದನ್ನು ಮೊದಲು ಕಳಿಸಬೇಕು ಅಂತ ಹೇಳುವ ಸೆಟ್ಟಿಂಗ್) ಫೋನಿಗೆ ಮೊದಲ ಸ್ಥಾನ ಕೊಟ್ಟು, ಅಪ್‌ಲೋಡ್ ಮಿತಿಯನ್ನು ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಇಟ್ಟೆವು. ಅವತ್ತೇ ಸರಿಹೋಯಿತು.

ಇನ್ನೊಂದು ಮಾತು. ಕಾಲ್ ಎತ್ತಿದ ಮೇಲೆ ಪ್ರತಿ ಸಲವೂ 32 ಸೆಕೆಂಡಿನ ಆಸುಪಾಸಿನಲ್ಲೇ ಕಟ್ ಆಗುತ್ತಿದ್ದರೆ ಅದು ಬೇರೆ ಕಾಯಿಲೆ. 'ಕಾಲ್ ಎತ್ತಿದ್ದು ಗೊತ್ತಾಯಿತು' ಅಂತ ತಿಳಿಸುವ ಸಂದೇಶ ಸಾಮಾನ್ಯವಾಗಿ ದಾರಿಯಲ್ಲಿ ಕಳೆದುಹೋಗುತ್ತಿರುತ್ತದೆ. ಮೊದಲು ರೂಟರ್‌ನಲ್ಲಿ ಸಿಪ್ ಎಎಲ್‌ಜಿ (ಇಂಟರ್ನೆಟ್ ಫೋನಿನ ಇಂಥ ಸಂದೇಶಗಳನ್ನು ನಡುವೆ ತಿದ್ದುವ ಸೆಟ್ಟಿಂಗ್) ಆಫ್ ಮಾಡಿ ನೋಡಿ.

ನಮ್ಮ ದೊಡ್ಡ ಪ್ಲಾನ್ ಒಂದು ವರ್ಷದ ಕರಾರು. ಬೇಡದ ಆ ಸ್ಪೀಡಿಗೆ ಈಗಲೂ ದುಡ್ಡು ಕಟ್ಟುತ್ತಿದ್ದೇವೆ.