ದಂಡ ಹಾಕಿದವರ ಹತ್ತಿರವೇ ಅಪೀಲು ಹೋಗಬೇಕಾ? ಫ್ಲೈಟ್ ಸಿಮ್‌ನ ಮೂರು ಜಾಗಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ವ್ಯಾಟ್‌ಸಿಮ್‌ಗೆ, ಅಂದರೆ ಫ್ಲೈಟ್ ಸಿಮ್ (ಪರದೆಯ ಮೇಲೆ ವಿಮಾನ ಹಾರಿಸುವ ಆಟ) ಆಡುವವರು ಇಂಟರ್ನೆಟ್‌ನಲ್ಲಿ ಒಟ್ಟಿಗೆ ಹಾರುವ ಜಾಲಕ್ಕೆ. ತಪ್ಪು ಹೊರಿಸಿದವರನ್ನು ಬಿಟ್ಟು ಬೇರೊಬ್ಬರ ಮುಂದೆ ನಮ್ಮ ಮಾತು ಹೇಳಿಕೊಳ್ಳಲು ಅಲ್ಲಿ ದಾರಿ ಇದೆ, ನನಗೆ ಅದು ಸಾಕು. ಗ್ರಾಫಿಕ್ಸ್, ಹವಾಮಾನ, ಯಾವ ವಿಮಾನ ಎಷ್ಟು ಚೆಂದ ಅನ್ನೋದನ್ನೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಆ ಕಡೆ ಹೋಗಲ್ಲ.

ನಾನು ಹಾರಿಸಿ ನೋಡಿದ್ದು ಮೂರು ಕಡೆ. ಮೊಬೈಲ್‌ನಲ್ಲಿ ಇನ್ಫಿನಿಟ್ ಫ್ಲೈಟ್, ಕಂಪ್ಯೂಟರ್‌ನಲ್ಲಿ ವ್ಯಾಟ್‌ಸಿಮ್, ಇವೆರಡರ ಮಧ್ಯೆ ಒಂದಷ್ಟು ಕಾಲ ಒಂದು ಚಿಕ್ಕ ಖಾಸಗಿ ಸರ್ವರ್. ಆ ಮೂರನೆಯದರ ಹೆಸರು ಬೇಡ, ಅಲ್ಲಿ ಇನ್ನೂ ನನ್ನ ಗೆಳೆಯರಿದ್ದಾರೆ. ವ್ಯಾಟ್‌ಸಿಮ್‌ನಂಥದ್ದೇ ಇವಾವೊ ಕೂಡ ಇದೆ, 1998ರಲ್ಲೇ ಶುರುವಾದದ್ದು, ಅದೂ ಪುಕ್ಕಟೆ. ನಾನು ಅಲ್ಲಿ ಸುಮ್ನೆ ಇಣುಕಿ ಬಂದಿದ್ದೇನೆ ಅಷ್ಟೇ, ಹಾಗಾಗಿ ಹೋಲಿಕೆಗೆ ತರುವುದಿಲ್ಲ.

ಇನ್ಫಿನಿಟ್ ಫ್ಲೈಟ್‌ನಲ್ಲಿ ಸಣ್ಣ ದಂಡ (ದುಡ್ಡಲ್ಲ, ಉಲ್ಲಂಘನೆ ಅಂತ ದಾಖಲೆಯಲ್ಲಿ ಬೀಳುವ ಗುರುತು) ಹಾಕುವುದು ಯಂತ್ರ, ಅಂದರೆ ಆಟದ ಪ್ರೋಗ್ರಾಮೇ. 10,000 ಅಡಿಗಿಂತ ಕೆಳಗೆ 250 ನಾಟ್ ವೇಗ ದಾಟಿದರೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ, ಆಗಲೂ ವೇಗ ಇಳಿಸದಿದ್ದರೆ ಲೆವೆಲ್ 1 ದಂಡ ಬೀಳುತ್ತದೆ. ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ಉರುಳುವಾಗ, ಜೋರಾಗಿ ಓಡಿಸಿದರೂ ಅಷ್ಟೇ. ಅದಕ್ಕಿಂತ ದೊಡ್ಡವು, ಅಂದರೆ ಲೆವೆಲ್ 2 ಮತ್ತು 3, ವಿಮಾನಗಳಿಗೆ ಆದೇಶ ಕೊಡುವ ಪಾತ್ರದಲ್ಲಿ ಕೂತ ಕಂಟ್ರೋಲರ್ ಕೈಯಲ್ಲಿವೆ. ಅಲ್ಲಿಯವರು ಇದಕ್ಕೆ 'ಘೋಸ್ಟ್ ಆಗೋದು' ಅನ್ನುತ್ತಾರೆ. ದಂಡ ಜಾಸ್ತಿಯಾದರೆ ನಿಮ್ಮ ಗ್ರೇಡ್, ಅಂದರೆ ದರ್ಜೆ, ಇಳಿಯುತ್ತದೆ, ಗ್ರೇಡ್ 3ಕ್ಕಿಂತ ಕೆಳಗೆ ಬಂದರೆ ನುರಿತವರು ಹಾರುವ ಎಕ್ಸ್‌ಪರ್ಟ್ ಸರ್ವರ್ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ.

ಇದರಲ್ಲಿ ಒಂದು ಒಳ್ಳೆಯದಿದೆ. ಯಂತ್ರಕ್ಕೆ ನಿಮ್ಮ ಮೇಲೆ ಹಗೆ ಇರುವುದಿಲ್ಲ. ಹೊಸಬರಿಗೂ ಹಳಬರಿಗೂ ಒಂದೇ ಗೆರೆ, ದಾಟುವ ಮುಂಚೆ ಎಚ್ಚರಿಕೆಯೂ ಉಂಟು. ತೊಂದರೆ ಏನೆಂದರೆ ಯಂತ್ರ ಕಾರಣ ಕೇಳುವುದಿಲ್ಲ. ಈ 250 ನಾಟ್ ಮಿತಿ ಅವರು ಹುಟ್ಟಿಸಿದ್ದಲ್ಲ, ಅಮೆರಿಕದ ನಿಜವಾದ ವಿಮಾನಯಾನ ನಿಯಮದಲ್ಲೇ ಇದೆ. ಆದರೆ ಇಂಧನ ತುಂಬಿಕೊಂಡ ದೊಡ್ಡ ಜೆಟ್‌ಗೆ ರೆಕ್ಕೆಯ ಫ್ಲ್ಯಾಪ್ ಮಡಚಿದ ಮೇಲೆ 250 ಸಾಲುವುದಿಲ್ಲ, ಅದಕ್ಕೇ ನಿಜವಾದ ಪೈಲಟ್‌ಗಳು ಕಂಟ್ರೋಲರ್‌ಗೆ ಹೇಳಿ ಜೋರಾಗಿ ಏರುತ್ತಾರೆ. ವ್ಯಾಟ್‌ಸಿಮ್‌ನಲ್ಲೂ ಹಾಗೆ ಕೇಳಬಹುದು, ಮನುಷ್ಯ ಕೂತಿರುತ್ತಾನೆ, ಹೂಂ ಅಥವಾ ಉಹೂಂ ಅನ್ನುತ್ತಾನೆ. ಯಂತ್ರದ ಹತ್ತಿರ ಏನು ಕೇಳುವುದು? ಅದು ಹಾಕಿದ ದಂಡದ ಮೇಲೆ ಅಪೀಲು ಹೋದರೂ ಸಾಮಾನ್ಯವಾಗಿ ಗಿಟ್ಟುವುದಿಲ್ಲ. ಕಂಟ್ರೋಲರ್ ಹಾಕಿದ್ದಾದರೆ ವಿವರಣೆ ಕೇಳಬಹುದು, ಅದು ತಪ್ಪು ಅಂತ ಕಂಡರೆ ವಾಪಸ್ ತೆಗೆಯುವುದೂ ಉಂಟು. ನನಗೆ ಅಲ್ಲಿ ಹೇಳಿಕೊಳ್ಳುವಂಥ ಜಗಳ ಆಗಲಿಲ್ಲ.

ಜಗಳ ಆಗಿದ್ದು ಆ ಚಿಕ್ಕ ಸರ್ವರ್‌ನಲ್ಲಿ.

ಅಲ್ಲಿ ಮಾಡರೇಟರ್‌ಗಳೇ ಟವರ್‌ನಲ್ಲೂ ಕೂರುತ್ತಾರೆ. ಅವತ್ತು ನನ್ನ ಕಾಲ್‌ಸೈನ್ (ರೇಡಿಯೋದಲ್ಲಿ ವಿಮಾನದ ಹೆಸರು) ಕೊನೆಗೆ 217. ನನ್ನ ಪಕ್ಕದ ಹೋಲ್ಡಿಂಗ್ ಪಾಯಿಂಟ್‌ನಲ್ಲಿ (ರನ್‌ವೇಗೆ ಮುಂಚೆ ಕಾಯುವ ಜಾಗ) ನಿಂತವನದು 271. ಇಬ್ಬರದೂ ಒಂದೇ ಏರ್‌ಬಸ್, ಒಂದೇ ಬಣ್ಣ. ಟವರ್ ನನಗೆ ನಿಲ್ಲು ಅಂದಿತು, ನಿಂತೆ. 271 ಏನು ಕೇಳಿಸಿಕೊಂಡನೋ, ಫೈನಲ್‌ನಲ್ಲಿ ಇನ್ನೊಂದು ವಿಮಾನ ಇಳಿಯಲು ಬರುತ್ತಿದ್ದಾಗಲೇ ರನ್‌ವೇ ಮೇಲೆ ಹೋಗಿ ನಿಂತ. ಟವರ್‌ನಿಂದ ನೋಡಿದರೆ ವಿಮಾನದ ಮೇಲೆ ಹೆಸರಿನ ಪಟ್ಟಿ ಕಾಣುತ್ತದಲ್ಲ, ಎರಡು ವಿಮಾನ ಹತ್ತಿರ ಇದ್ದರೆ ಆ ಪಟ್ಟಿಗಳು ಒಂದರ ಮೇಲೊಂದು ಕೂತುಬಿಡುತ್ತವೆ. ಕ್ಷಣದಲ್ಲಿ ನನ್ನ ಪರದೆ ಕಪ್ಪಾಯಿತು. 'ನಿಯಮ 4 ಉಲ್ಲಂಘನೆ, ಎರಡು ವಾರ ಪ್ರವೇಶವಿಲ್ಲ.' ಅಷ್ಟೇ ಬರೆದಿತ್ತು. ಯಾವ ವಿಮಾನ ನಿಲ್ದಾಣ, ಎಷ್ಟು ಗಂಟೆಗೆ, ಯಾರು ಹಾಕಿದ್ದು, ಒಂದೂ ಇಲ್ಲ. ನಿಯಮ 4 ತೆಗೆದು ನೋಡಿದರೆ ಅದರಲ್ಲಿ ರನ್‌ವೇ ಅತಿಕ್ರಮಣದಿಂದ ಹಿಡಿದು ಕಂಟ್ರೋಲರ್ ಜೊತೆ ವಾದ ಮಾಡುವವರೆಗೆ ಎಲ್ಲ ತುಂಬಿದ್ದಾರೆ.

ಸರಿ, ಅಪೀಲು ಫಾರಂ ತೆರೆದೆ. ವಿಡಿಯೋ ಲಗತ್ತಿಸಿ ಅಂತ ಕೇಳುತ್ತದೆ, ಅದಿಲ್ಲದೆ ಮುಂದಕ್ಕೇ ಹೋಗುವುದಿಲ್ಲ. ಪ್ರತಿ ಹಾರಾಟವನ್ನೂ ಯಾರು ರೆಕಾರ್ಡ್ ಮಾಡುತ್ತಾರೆ ಹೇಳಿ? ರೀಪ್ಲೇ ಇತ್ತು, ಆದರೆ ನನ್ನ ರೀಪ್ಲೇಯಲ್ಲಿ ಬರುವುದು ನನ್ನ ವಿಮಾನ ಮಾತ್ರ. ನಾನು ನಿಂತಲ್ಲೇ ನಿಂತದ್ದು ಅದರಲ್ಲಿ ಕಾಣುತ್ತದೆ, ರನ್‌ವೇಗೆ ಹೋದವನು ಕಾಣುವುದೇ ಇಲ್ಲ. ಅದನ್ನೇ ಕಳಿಸಿದೆ. ಉತ್ತರ ಬೇಗ ಬಂತು: 'ಪರಿಶೀಲಿಸಲಾಗಿದೆ, ನಿರ್ಧಾರ ಸರಿಯಾಗಿದೆ.' ಕೆಳಗೆ ಇದ್ದ ಹೆಸರು, ಆ ಹೊತ್ತಲ್ಲಿ ಟವರ್‌ನಲ್ಲಿ ಕೂತಿದ್ದವರದ್ದೇ. ಟಿಕೆಟ್, ಅಂದರೆ ನನ್ನ ಅಪೀಲಿನ ಕಡತ, ಮುಚ್ಚಿತ್ತು.

ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. 271ರ ಹುಡುಗ ಪಾಪ ಒಳ್ಳೆಯವನು, ನನಗೆ ಆದದ್ದು ಗೊತ್ತಾಗಿ ತಾನಾಗಿಯೇ ಮಾಡರೇಟರ್‌ಗೆ ಬರೆದ, ರನ್‌ವೇಗೆ ಹೋದವನು ನಾನು, ಅವರಲ್ಲ ಅಂತ. ಅವನಿಗೆ ಸಿಕ್ಕ ಉತ್ತರ ಕೇಳಿ: ಒಬ್ಬರ ಅಪೀಲಿನಲ್ಲಿ ಇನ್ನೊಬ್ಬರು ಮಾತಾಡುವ ಹಾಗಿಲ್ಲವಂತೆ! ಅವನ ಸಂದೇಶವನ್ನು ನಾನೇ ಹಾಕೋಣ ಅಂದರೆ ನನ್ನ ಟಿಕೆಟ್ ಮುಚ್ಚಿದೆ. ಹೊಸದು ತೆರೆದರೆ ಅದು 'ಪುನರಾವರ್ತಿತ ಅಪೀಲು', ಅದಕ್ಕೆ ಇನ್ನೂ ಒಂದು ವಾರ ಸೇರುತ್ತದೆ ಅಂತ ನಿಯಮಗಳ ಪುಟದ ತಳದಲ್ಲಿ ಬರೆದಿದ್ದಾರೆ. ತಪ್ಪು ಮಾಡಿದವನು ಒಪ್ಪಿಕೊಂಡಿದ್ದಾನೆ, ಮಾಡದವನು ಹೊರಗೆ ಕೂತಿದ್ದಾನೆ, ಇಬ್ಬರಿಗೂ ಅದನ್ನು ಹೇಳಲು ಜಾಗ ಇಲ್ಲ. ಎರಡು ವಾರ ತಾನಾಗಿ ಕಳೆಯಿತು, ಬಾಗಿಲು ತಾನಾಗಿ ತೆರೆಯಿತು. ದಾಖಲೆಯಲ್ಲಿ ಉಲ್ಲಂಘನೆ ಇನ್ನೂ ನನ್ನ ಹೆಸರಲ್ಲೇ ಇದೆ.

ಆ ಮಾಡರೇಟರ್ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಮೂರೋ ನಾಲ್ಕೋ ಜನ ಬಿಡುವಿನಲ್ಲಿ ನಡೆಸುವ ಸರ್ವರ್ ಅದು, ಬೇರೆಯವರನ್ನು ಎಲ್ಲಿಂದ ತರುತ್ತಾರೆ? ಆದರೂ ಟಿಕೆಟ್ ಮುಚ್ಚುವ ಮೊದಲು ಒಂದು ದಿನ ಬಿಡಬಹುದಿತ್ತಲ್ವಾ.

ವ್ಯಾಟ್‌ಸಿಮ್ 2001ರಿಂದ ಇದೆ, ಅದನ್ನು ನಡೆಸುವವರೂ ಸ್ವಯಂಸೇವಕರೇ. ವ್ಯತ್ಯಾಸ ಇರುವುದು ಕೆಲಸ ಹಂಚಿಕೊಂಡ ರೀತಿಯಲ್ಲಿ. ಕಂಟ್ರೋಲರ್‌ಗೆ ನಿಮ್ಮ ಮೇಲೆ ಎಷ್ಟೇ ಸಿಟ್ಟು ಬಂದರೂ ಅವರೇ ನಿಮ್ಮನ್ನು ಸಸ್ಪೆಂಡ್ ಮಾಡುವಂತಿಲ್ಲ. ಅವರು 'ವಾಲಪ್' ಅನ್ನುವ ಸಂದೇಶ ಕೊಟ್ಟು ಸೂಪರ್‌ವೈಸರ್‌ನ ಕರೆಯಬೇಕು. ಸೂಪರ್‌ವೈಸರ್ ಬಂದು ಮೊದಲು ನಿಮಗೆ ಖಾಸಗಿ ಸಂದೇಶ ಹಾಕುತ್ತಾರೆ. ಒಮ್ಮೆ ನನ್ನ ಹೆಡ್‌ಸೆಟ್ ತಂತಿ ಹಾರಾಟದ ಮಧ್ಯೆ ಕೈಕೊಟ್ಟಿತು, ನನ್ನ ದನಿ ಹೋಗುತ್ತಿಲ್ಲ, ಅವರದೂ ಕೇಳುತ್ತಿಲ್ಲ. 'ಇದ್ದೀರಾ?' ಅಂತ ಸೂಪರ್‌ವೈಸರ್ ಕೇಳಿದರು. ಹೆಡ್‌ಸೆಟ್ ಹೋಗಿದೆ, ಟೆಕ್ಸ್ಟ್‌ನಲ್ಲಿ ಮುಂದುವರಿಸಲೇ ಅಂದೆ. ಆಗಬಹುದು ಅಂದರು. ಮುಗಿಯಿತು! ಅಲ್ಲಿ ಟೆಕ್ಸ್ಟ್‌ನಲ್ಲೇ ಹಾರಿಸುವ ಪೈಲಟ್‌ಗಳಿಗೆ ಮೊದಲಿಂದಲೂ ಜಾಗ ಇದೆ.

ಸಸ್ಪೆಂಡ್ ಆದವರಿಗೂ ಮೇಲಿನ ಹಂತ ಅಂತ ಒಂದಿದೆ. ನನ್ನ ಗೆಳೆಯನೊಬ್ಬ ಎರಡನೇ ಅಕೌಂಟ್ ಮಾಡಿ ಸಿಕ್ಕಿಬಿದ್ದ (ಅಲ್ಲಿ ಒಬ್ಬರಿಗೆ ಒಂದೇ ಸಿಐಡಿ, ಅಂದರೆ ಸದಸ್ಯ ಸಂಖ್ಯೆ, ಬದುಕಿಡೀ ಅದೇ). ಅಪೀಲು ಹೋದ, ಸೋತ. ಆದರೆ ಬಂದ ಪತ್ರದಲ್ಲಿ ಯಾವ ನಿಯಮ, ಯಾಕೆ ಅಂತ ಬರೆದಿತ್ತು, ಬರೆದವರು ಅವನನ್ನು ಹಿಡಿದವರಲ್ಲ. ಸೋತರೂ ಅವನು ಇವತ್ತಿಗೂ ಗೊಣಗುವುದಿಲ್ಲ, ನಾನು ನೋಡಿ ಇನ್ನೂ ಗೊಣಗುತ್ತಿದ್ದೇನೆ.

ನಿಯಮಗಳು ಸಡಿಲ ಅಂತ ತಿಳಿಯಬೇಡಿ. 7500 ಸ್ಕ್ವಾಕ್ (ವಿಮಾನ ಅಪಹರಣವಾಗಿದೆ ಅಂತ ತಿಳಿಸುವ ಸಂಕೇತ ಸಂಖ್ಯೆ) ಹಾಕಿ ಹೈಜಾಕ್ ಆಟ ಆಡುವ ಹಾಗಿಲ್ಲ. ರನ್‌ವೇ ಮೇಲೋ ಟ್ಯಾಕ್ಸಿವೇ ಮೇಲೋ ಕನೆಕ್ಟ್ ಆಗುವ ಹಾಗಿಲ್ಲ. ತುರ್ತು ಪರಿಸ್ಥಿತಿ ನಟಿಸಬಹುದು, ಕಂಟ್ರೋಲರ್ ನಿಲ್ಲಿಸು ಅಂದರೆ ನಿಲ್ಲಿಸಬೇಕು. 121.5 ತುರ್ತು ಫ್ರೀಕ್ವೆನ್ಸಿಯಲ್ಲಿ ಮಿಯಾಂವ್ ಅನ್ನುವವರು ಮಾತ್ರ ಯಾವ ನಿಯಮಕ್ಕೂ ಬಗ್ಗಿದ ಹಾಗೆ ಕಾಣೆ, ನಿಜವಾದ ಪೈಲಟ್‌ಗಳಲ್ಲೂ ಈ ಚಟ ಇದೆ.

ಖರ್ಚಿನ ಮಾತು ಒಂದು ಸಾಲು: ವ್ಯಾಟ್‌ಸಿಮ್‌ಗೆ ದುಡ್ಡಿಲ್ಲ ಆದರೆ ಕಂಪ್ಯೂಟರ್ ಬೇಕು, ಇನ್ಫಿನಿಟ್ ಫ್ಲೈಟ್‌ಗೆ ಫೋನ್ ಸಾಕು ಆದರೆ ಎಲ್ಲರ ಜೊತೆ ಹಾರಲು ಚಂದಾ ಕಟ್ಟಬೇಕು.

ಫೋನ್ ಮಾತ್ರ ಇದ್ದವರು ಇನ್ಫಿನಿಟ್ ಫ್ಲೈಟ್ ಹಾರಿಸಿ, ಆ 250ರ ಎಚ್ಚರಿಕೆ ಬಂದ ಕೂಡಲೇ ಥ್ರಾಟಲ್ ಇಳಿಸಿ, ನೆಮ್ಮದಿ. ಗೆಳೆಯರ ಜೊತೆ ಹರಟುತ್ತಾ ಹಾರಲು ಚಿಕ್ಕ ಸರ್ವರ್‌ನಷ್ಟು ಮಜಾ ಬೇರೆಲ್ಲೂ ಇಲ್ಲ, ನಾನೂ ಈಗಲೂ ಆಗಾಗ ಹೋಗುತ್ತೇನೆ, ರೆಕಾರ್ಡಿಂಗ್ ಆನ್ ಮಾಡಿಕೊಂಡು. ಸೇರುವ ಮುಂಚೆ ಅವರ ಅಪೀಲು ಪುಟ ಮಾತ್ರ ತಳದವರೆಗೂ ಓದಿ.

ವ್ಯಾಟ್‌ಸಿಮ್‌ನಲ್ಲಿ ನನಗೆ ಕಿರಿಕಿರಿ ಅಂದರೆ ಒಂದೇ. ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಪರದೆ ಬಿಟ್ಟು ಹೋಗುವಂತಿಲ್ಲ. ನನ್ನದು ಉದ್ದದ ಹಾರಾಟಗಳ ಚಟ, ಸಮುದ್ರ ದಾಟುವಾಗ ಗಂಟೆಗಟ್ಟಲೆ ಮಾಡಲು ಏನೂ ಇರುವುದಿಲ್ಲ, ಮಲಗುವ ಹಾಗೂ ಇಲ್ಲ. ಅದಕ್ಕೆ ಅಂಥ ಹಾರಾಟವನ್ನು ರಜೆಯ ಹಗಲಿಗೆ ಇಟ್ಟುಕೊಂಡಿದ್ದೇನೆ, ಕೆಲಸದ ದಿನ ರಾತ್ರಿ ಹೊರಟ ಎರಡು ತಾಸಿನೊಳಗೆ ಇಳಿಯುವಂಥದ್ದು ಮಾತ್ರ.